ಕೊನೆಯ ನುಡಿ ಎಲ್ಲಿ?

ಗೋಕಾಕ
6 ಆಗಸ್ಟ್ 2024

ಮಾಮಾ,

ನೀವು ನನ್ನ ಹಾಡನ್ನು ಕೊನೆಯ ನುಡಿಗೆ ಬರುವ ಮೊದಲೇ ನಿಲ್ಲಿಸಿದಿರಿ. ಅದು ಅನ್ಯಾಯ. ಕ್ಷೇಮ ಕೇಳಿ, ಮಳೆ ಕೇಳಿ, ಆಮೇಲೆ ಮಾತಿಗೆ ಬರುವಷ್ಟು ಸಮಾಧಾನ ನನ್ನಲ್ಲಿಲ್ಲ. ಅದಕ್ಕೇ ಮೊದಲ ಸಾಲಿನಲ್ಲೇ ಬರೆದೆ.

ಮೊನ್ನೆ ನಾಗರ ಅಮಾವಾಸ್ಯೆಯ ದಿನ ಮಮದಾಪುರದ ಬೀರದೇವರ ಗುಡಿ ಮುಂದೆ ನಿಮ್ಮ ಡೊಳ್ಳಿನ ಮೇಳ ಕೂತಿತ್ತು. ನನಗೂ ಒಂದು ಹಾಡಿಗೆ ಅವಕಾಶ ಕೊಡಿ ಎಂದು ತಿಂಗಳ ಹಿಂದೆಯೇ ಕೇಳಿದ್ದೆ. ‘ಹಾಡಽ ಮಗಳ’ ಅಂದಿದ್ದಿರಿ. ನಾನು ಕಟ್ಟಿದ ಹಾಡಿಗೆ ಐದು ನುಡಿ. ಕಳೆ ತೆಗೆಯುವವಳು ಹೆಣ್ಣು, ಉಳ್ಳಾಗಡ್ಡಿ ಕೀಳುವವಳು ಹೆಣ್ಣು, ಹೊಲದ ಉತಾರದ ಕಾಗದದಲ್ಲಿ ಮಾತ್ರ ಅವಳ ಹೆಸರಿಲ್ಲ ಎಂಬ ಹಾಡು. ನಾಲ್ಕು ನುಡಿ ಮುಗಿದವು. ಐದನೆಯದಕ್ಕೆ ಉಸಿರು ಎಳೆದುಕೊಳ್ಳುವಾಗ ನೀವು ಕೈ ಎತ್ತಿದಿರಿ. ಡೊಳ್ಳು ನಿಂತಿತು.

ಐದನೆಯ ನುಡಿಯಲ್ಲಿ ಏನಿರುತ್ತದೆ ಎಂದು ನಿಮಗೆ ನಾನು ಹೇಳಬೇಕೇ? ಊರಿನ ಹೆಸರು, ದೇವರ ಹೆಸರು, ಹಾಡು ಕಟ್ಟಿದವರ ಹೆಸರು. ನಾನು ಹತ್ತು ವರ್ಷದವಳಿದ್ದಾಗ ನೀವೇ ಹೇಳಿಕೊಟ್ಟಿದ್ದಿರಿ: ‘ಕೊನೀ ನುಡಿ ಇಲ್ಲದ ಹಾಡು ಅಂದ್ರ ಕಿವಿಗುರುತು ಇಲ್ಲದ ಕುರಿ. ಯಾಂವ ಬೇಕಾದಂವ ತನ್ನ ಹಿಂಡಿಗೆ ಸೇರಿಸ್ಕೋತಾನ.’ ನನ್ನ ಕುರಿಯ ಕಿವಿಗೆ ಗುರುತು ಹಾಕುವ ಹೊತ್ತಿಗೆ ಸರಿಯಾಗಿ ನೀವು ಕತ್ತರಿ ಕಸಿದುಕೊಂಡಿರಿ.

ಅಷ್ಟಕ್ಕೇ ಬಿಡಲಿಲ್ಲ. ಮೈಕು ತೆಗೆದುಕೊಂಡು ‘ಇದು ಹಾಡಲ್ಲರಿ, ಹ್ಯಾಂಡ್‌ಬಿಲ್ಲು. ಈಗ ನಮ್ಮ ಕಾಲದ್ದೊಂದು ಕೇಳ್ರಿ’ ಅಂದಿರಿ. ಜನ ನಕ್ಕರು. ನಾನು ರಾವಸಾಹೇಬರ ಪ್ರೆಸ್ಸಿನಲ್ಲಿ ದಿನವೂ ಹ್ಯಾಂಡ್‌ಬಿಲ್ಲು ಮಡಚುವವಳು ಎಂದು ಅವರಿಗೆಲ್ಲ ಗೊತ್ತು. ನಕ್ಕ ಜನವೇ ನೀವು ‘ತಡಿಯಾಗ ನಿಂತೈತಿ ತಾಯಿಲ್ಲದ ಮರಿ’ ಎತ್ತಿದ ಕೂಡಲೇ ಟಾವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ನಾನು ಸ್ಪೀಕರಿನ ಕಂಬ ಹಿಡಿದು ನಿಂತಿದ್ದೆ. ನನ್ನ ಕಡೆ ಒಬ್ಬರೂ ನೋಡಲಿಲ್ಲ.

ಫೋನು ಮೂರು ಸಲ ಮಾಡಿದೆ. ಮೂರನೆಯ ಸಲ ‘ಆಮ್ಯಾಲೆ ಮಾತಾಡೂಣು’ ಎಂದು ಕಟ್ ಮಾಡಿದಿರಿ. ಅದಕ್ಕೆ ಕಾಗದ. ಕಾಗದವನ್ನು ಕೈ ಎತ್ತಿ ನಿಲ್ಲಿಸಲಾಗದು.

ನವೆಂಬರ್ ಹದಿನೇಳಕ್ಕೆ ನಮ್ಮೂರು ಬೆಲ್ಲದ ಬಾಗೇವಾಡಿಯಲ್ಲಿ ನಿಮ್ಮ ಮೇಳಕ್ಕೂ ಮೂಡಲಗಿಯ ಮೇಳಕ್ಕೂ ಹಾಡಿನ ಸವಾಲ್-ಜವಾಬ್ ಪಂದ್ಯ ಇದೆ. ಅಲ್ಲಿ ನನ್ನ ಹಾಡು, ಐದೂ ನುಡಿ, ನನ್ನ ಹೆಸರು ಸಮೇತ ಹಾಡಿಸಬೇಕು. ಹಾಡಿಸುತ್ತೀರೋ ಇಲ್ಲವೋ? ಒಂದೇ ಮಾತಿನಲ್ಲಿ ಹೇಳಿ.

ನಡುವೆ ನಿಲ್ಲಿಸಲ್ಪಟ್ಟ,
ವಿಜಯಲಕ್ಷ್ಮಿ


ಮಮದಾಪುರ
ತಾ. 19-8-2024

ವಿಜಯಲಕ್ಷ್ಮಿಗೆ ನಿನ್ನ ಸ್ವಾದರಮಾವ ಭೀಮರಾಯ ತಿಳಿಸೂದು.

ನಿನ್ನ ಕಾಗದ ಮುಟ್ಟಿತು. ನಾ ಏಳನೇತ್ತೆ ಕಲ್ತಾಂವ. ನಿನ್ನಂಗ ಪುಸ್ತಕದ ಭಾಷಾ ಬರೂದಿಲ್ಲ. ಮಾತಾಡಿದಂಗ ಬರೀತೇನಿ, ಹಂಗ ಓದ್ಕೋ.

ನಿಲ್ಲಿಸಿದ್ದು ಖರೆ. ಯಾಕ ನಿಲ್ಲಿಸಿದ್ನಿ? ಮಂದಿ ಎದ್ದು ಹೊಂಟಿತ್ತು. ನೀ ಕಣ್ಣು ಮುಚ್ಚಿ ಹಾಡಾಕತ್ತಿದ್ದಿ, ನಿನಗ ಕಾಣಲಿಲ್ಲ. ನಿನ್ನ ಹಾಡಿನಾಗ ಉತಾರ ಐತಿ, ತಲಾಠಿ ಅದಾನ, ಅರ್ಜಿ ಐತಿ. ಒಂದು ಕುರಿ ಇಲ್ಲ, ಒಂದು ಹೊಳಿ ಇಲ್ಲ. ಇನ್ನೊಂದು ನುಡಿ ಬಿಟ್ಟಿದ್ರ ತಹಶೀಲ್ದಾರನ ಬಂದು ಸಹಿ ಮಾಡಿ ಹೋಗತಿದ್ದ.

ನಮ್ಮ ಕಾಲದಾಗ ಹಾಡಿನ ಪಲ್ಲ ಎತ್ತಿದ್ರ ಮೈಮ್ಯಾಲಿನ ಕೂದಲ ನಿಂದರತಿದ್ದು. ಈಗಿನವು ಏನವು? ಕಬ್ಬಿನ ಟ್ರ್ಯಾಕ್ಟರದಾಗ ಒದರತಾವಲ್ಲ, ಅವು ಹಾಡೇನ? ಎಮ್ಮಿ ಈಯೂ ಮುಂದ ಒದರಿದಂಗ. ನಿನ್ನ ಹಾಡೂ ಅವುಗಳ ತಂಗೀನ, ಬರೇ ಸೀರಿ ಉಟ್ಟೈತಿ, ಅಷ್ಟ.

ಬಾಗೇವಾಡಿದಾಗ ಮೇಳದ ಮಾನ ಐತಿ. ಅಲ್ಲಿ ಹಳೇವನ್ನ ಹಾಡವ್ರು. ಸಿಟ್ಟು ಹೊಟ್ಟಿ ತುಂಬಸೂದಿಲ್ಲ. ನಿಮ್ಮತ್ತಿ ಶೇಂಗಾ ಹೋಳಿಗಿ ಮಾಡ್ಯಾಳ, ಬಂದು ತಿಂದು ಹೋಗು.

ಭೀಮರಾಯ


ಗೋಕಾಕ
8 ಸೆಪ್ಟೆಂಬರ್ 2024

ಮಾಮಾ,

ಹೋಳಿಗೆ ಬೇಡ. ‘ನಮ್ಮ ಕಾಲದ ಹಾಡು’ ಎಂಬ ನಿಮ್ಮ ಮಾತನ್ನು ನಾನು ತನಿಖೆಗೆ ಹಾಕಿದ್ದೇನೆ.

ಮೂರು ವಾರ ಒಂದು ವಹಿ, ಪೆನ್ನು ಹಿಡಿದು ತಿರುಗಿದೆ. ಗೋಕಾಕದ ಬಸ್‌ಸ್ಟ್ಯಾಂಡ್, ಹುಕ್ಕೇರಿಯ ಸಂತೆ, ನಮ್ಮ ಪ್ರೆಸ್ಸಿಗೆ ಬರುವ ಗಿರಾಕಿಗಳು. ಮೂವತ್ತೊಂದು ಜನರಿಗೆ ಎರಡೇ ಪ್ರಶ್ನೆ ಕೇಳಿದೆ. ನಿಮ್ಮ ಪಾಲಿಗೆ ಎಲ್ಲಕ್ಕಿಂತ ಒಳ್ಳೆಯ ಹಾಡು ಯಾವುದು? ಅದನ್ನು ಮೊದಲ ಸಲ ಕೇಳಿದಾಗ ನಿಮಗೆಷ್ಟು ವಯಸ್ಸು? ನಾಲ್ವರು ಸರಿಯಾದ ಉತ್ತರ ಕೊಡಲಿಲ್ಲ, ಅವರ ಹೆಸರು ಹೊಡೆದುಹಾಕಿದ್ದೇನೆ. ಉಳಿದ ಇಪ್ಪತ್ತೇಳು ಜನರ ಹಾಡು ಬೇರೆ ಬೇರೆ. ವಯಸ್ಸು ಮಾತ್ರ ಹದಿನಾಲ್ಕರಿಂದ ಇಪ್ಪತ್ತೆರಡು. ಒಬ್ಬರೂ ಅದರಿಂದ ಆಚೆ ಹೋಗಲಿಲ್ಲ!

ಪ್ರೆಸ್ಸಿನ ಮಾಲಕ ರಾವಸಾಹೇಬರಿಗೆ ಅರವತ್ತೊಂದು. ಟೆಂಟ್ ಸಿನಿಮಾದಲ್ಲಿ ಇಪ್ಪತ್ತನೆಯ ವಯಸ್ಸಿನಲ್ಲಿ ಕೇಳಿದ ಹಾಡು ಅಂದರು. ಸಿನಿಮಾದ ಕಥೆ ಏನು ಎಂದರೆ ನೆನಪಿಲ್ಲ. ಮುಂದೆ ಕೂತವನ ರುಮಾಲು ಅಡ್ಡ ಬರುತ್ತಿತ್ತು ಎಂಬುದು ನೆನಪಿದೆ. ಪಕ್ಕದಲ್ಲಿ ಕರದಂಟು ಮಾರುವ ಕಾಶೆವ್ವ ತಾನು ಲಗ್ನವಾಗಿ ಬಂದ ವರ್ಷದ ಬೀಸುವ ಪದ ಅಂದಳು. ‘ಈಗ ಮಿಕ್ಸರ್ ಐತಲ್ಲ ಕಾಶಕ್ಕಾ’ ಅಂದೆ. ‘ಮಿಕ್ಸರ್‌ಗ ಹಾಡಾಕ ಬರತೈತೇನ ಹುಚ್ಚಿ?’ ಅಂದು ನನಗೇ ಬೈದಳು.

ಇನ್ನು ಹುಕ್ಕೇರಿಯ ಕೇದಾರಿ. ಮದುವೆ ಬ್ಯಾಂಡಿನಲ್ಲಿ ನಲವತ್ತು ವರ್ಷ ಕ್ಲಾರಿನೆಟ್ ಊದಿದವರು. ನನ್ನ ತನಿಖೆ ಕೇಳಿ ನಕ್ಕರು. ‘ಇದನ್ನ ಕೇಳಾಕ ವಹಿ ಯಾಕ ಬೇಕ ತಂಗಿ? ನಾವು ತಲಿ ನೋಡಿ ಹಾಡು ಹಚ್ಚತೇವಿ. ಮೆರವಣಿಗಿ ಮುಂದ ಬಂದಾಂವನ ತಲಿ ಅರ್ಧ ಬೆಳ್ಳಗಿತ್ತಂದ್ರ ಐವತ್ತೊಂದು ಹಿಡಿ. ಅದರಾಗ ಮೂವತ್ಮೂರು ಕಳಿ, ಹದಿನೆಂಟು. ಆ ವರ್ಷದ ಹಾಡು ಊದಿದ್ನಿ ಅಂದ್ರ, ಮಂಡಿನೋವು ಇದ್ದಾಂವ ಸೈತ ಕುಣೀತಾನ.’ ಈಗ ಎಲ್ಲರೂ ಡೈ ಹಚ್ಚುತ್ತಾರಲ್ಲ, ಹೇಗೆ ಗೊತ್ತಾಗುತ್ತದೆ ಎಂದೆ. ‘ಕುತಿಗಿ ನೋಡತೇನಿ. ಕುತಿಗಿಗೆ ಡೈ ಇಲ್ಲ.’

ನಮ್ಮಲ್ಲಿ ಅಚ್ಚಾದ ಒಂದು ಕಿರುಹೊತ್ತಿಗೆಯಲ್ಲಿ ಓದಿದೆ. ಹರೆಯದಲ್ಲಿ ಮಿದುಳು ಹಸಿ ಗೋಡೆಯಂತೆ. ಆಗ ಒತ್ತಿದ ಬೆರಳಿನ ಗುರುತು ಗೋಡೆ ಒಣಗಿದ ಮೇಲೂ ಉಳಿಯುತ್ತದೆ. ಗೋಡೆ ಒಣಗಿದ ಮೇಲೆ ಬಂದವನು ಎಷ್ಟು ಒತ್ತಿದರೂ ಗುರುತು ಮೂಡುವುದಿಲ್ಲ. ಅದು ಒತ್ತಿದವನ ತಪ್ಪೇ?

ನೀವು ಪ್ರೀತಿಸುವುದು ಹಾಡನ್ನಲ್ಲ ಮಾಮಾ, ನಿಮ್ಮ ಹದಿನೆಂಟನ್ನು. ಪ್ರೀತಿಸಿ, ಬೇಡವೆಂದವರಾರು? ಕಾಶೆವ್ವನೂ ತನ್ನ ಬೀಸುವ ಪದವನ್ನು ಪ್ರೀತಿಸುತ್ತಾಳೆ. ಆದರೆ ಅವಳ ಕೈಯಲ್ಲಿ ಮೈಕಿಲ್ಲ. ಅವಳು ಕೈ ಎತ್ತಿದರೆ ಡೊಳ್ಳು ನಿಲ್ಲುವುದಿಲ್ಲ. ಮೈಕು ಹಿಡಿದವನ ಇಷ್ಟ ಕಾನೂನಾಗುತ್ತದೆ. ನನ್ನ ಜಗಳ ಆ ಕಾನೂನಿನ ಜೊತೆ.

ಹಾಡಿಸುತ್ತೀರೋ ಇಲ್ಲವೋ? ಇದಕ್ಕೆ ಒಂದೇ ಮಾತಿನ ಉತ್ತರ ಇನ್ನೂ ಬಂದಿಲ್ಲ.

ವಹಿಯ ಪ್ರತಿಯೊಂದಿಗೆ,
ವಿಜಯಲಕ್ಷ್ಮಿ


ಮಮದಾಪುರ
ತಾ. 21-9-2024

ವಿಜಿ,

ನಿನ್ನ ವಹಿ ಎರಡು ಸಲ ಓದಿದ್ನಿ. ಮೂವತ್ತೊಂದು ಮಂದಿ ಅದಾರ. ಮೂವತ್ತೆರಡನೇದಾಕಿ ಎಲ್ಲಿ? ಕೇಳಾಕಿ ತನ್ನದು ಯಾಕ ಬರದಿಲ್ಲ? ನಿನಗೂ ಹದಿನಾರು ವರ್ಷ ಆಗಿದ್ದು ನಾ ಕಂಡೇನಿ. ನಿನ್ನ ಗ್ವಾಡಿಮ್ಯಾಲೆ ಯಾರ ಬೆರಳ ಮೂಡೈತಿ, ಖರೆ ಬರಿ. ಆಮ್ಯಾಲೆ ನನ್ನ ಗ್ವಾಡಿ ಮಾತು.

ಕುರಿ ಕೂದಲ ಕತ್ತರಸೂ ಕೆಲಸ ಐತಿ. ಸಾಕು.

ಭೀಮರಾಯ


ಗೋಕಾಕ
7 ಅಕ್ಟೋಬರ್ 2024

ಮಾಮಾ,

ನನ್ನ ಗೋಡೆಯ ಮಾತನ್ನು ಈಗ ಬರೆಯುವುದಿಲ್ಲ. ನಿಮ್ಮ ಗೋಡೆಯಲ್ಲಿ ಒಂದು ಬಿರುಕು ಸಿಕ್ಕಿದೆ. ಅದು ಮೊದಲು.

ಹೋದ ಶುಕ್ರವಾರ ಕೇದಾರಿ ತಮ್ಮ ಬ್ಯಾಂಡಿನ ಹೊಸ ಹ್ಯಾಂಡ್‌ಬಿಲ್ಲು ಒಯ್ಯಲು ಬಂದಿದ್ದರು. ನಾನು ಯಾರ ಪೈಕಿ ಎಂದು ಕೇಳಿದರು, ಮಮದಾಪುರದ ಭೀಮರಾಯರ ಅಕ್ಕನ ಮಗಳು ಎಂದೆ. ‘ಓಹೋ, ತಡಿಯಾಗ ನಿಂತೈತಿ ಮರಿ ಹಾಡೂ ಭೀಮರಾಯ? ಆ ಹಾಡು ಹುಟ್ಟಿದಾಗ ಒದ್ದಿದ್ರಲ್ಲ ಅದಕ್ಕ’ ಅಂದರು. ಇಸವಿ ತೊಂಬತ್ತು. ಮೂಡಲಗಿಯಲ್ಲಿ ಸವಾಲ್-ಜವಾಬ್. ಮೇಳಗಳನ್ನು ಎದುರುಗೊಳ್ಳಲು ಕೇದಾರಿಯ ಬ್ಯಾಂಡು ಹೋಗಿತ್ತಂತೆ. ನಿಮ್ಮ ಮೇಳ ಆ ಹಾಡನ್ನು ಮೊದಲ ಸಲ ಎತ್ತಿತು. ಆಗ ನಿಮ್ಮ ಮೇಳದ ಹಿರಿಯರಾಗಿದ್ದ ಸಿದ್ರಾಯ ಮಾಸ್ತರು ಅದನ್ನು ನಡುವೆಯೇ ಕೈ ಎತ್ತಿ ನಿಲ್ಲಿಸಿದರು. ಇದು ಸಿನಿಮಾ ಧಾಟಿ, ಹಾಡಲ್ಲ ಅಂದರಂತೆ.

ಇವತ್ತು ನಿಮ್ಮೆಲ್ಲರ ಕಣ್ಣಲ್ಲಿ ನೀರು ತರಿಸುವ ಹಾಡು ಹುಟ್ಟಿದ ದಿನ ‘ಈಗಿನ ಹಾಡು’ ಆಗಿತ್ತು!

ನಿನ್ನೆ ರವಿವಾರ ಮೂಡಲಗಿಗೆ ಹೋದೆ. ಸಿದ್ರಾಯ ಮಾಸ್ತರು ಮಗಳ ಮನೆಯಲ್ಲಿದ್ದಾರೆ. ಎಂಬತ್ತನಾಲ್ಕು ವರ್ಷ, ಕಿವಿಯಲ್ಲಿ ಮಷೀನು. ಹೊರಸಿನ ಮೇಲೆ ಕೂತು ನನ್ನನ್ನು ಯಾವುದೋ ಪಿಂಚಣಿಯ ಅಧಿಕಾರಿ ಎಂದುಕೊಂಡರು. ನಾನು ನೇರವಾಗಿ ಕೇಳಿದೆ: ತೊಂಬತ್ತರಲ್ಲಿ ಇಂಥ ಹಾಡನ್ನು ಯಾಕೆ ನಿಲ್ಲಿಸಿದಿರಿ?

‘ನಾ ನಿಲ್ಲಿಸಿದ್ನೇನ?’ ಅಂದರು.

‘ಹೌದರಿ.’

‘ಆಗಿರಬೇಕವ್ವ. ಆ ಕಾಲದಾಗ ಎಲ್ಲಾ ಸಿನಿಮಾ ಧಾಟಿ ಬಂದಿತ್ತು. ಎಷ್ಟಂತ ನಿಲ್ಲಿಸಿದ್ನೋ. ನೆಪ್ಪಿಲ್ಲ.’

ನೆನಪಿಲ್ಲ! ಬಸ್ಸಿನ ಟಿಕೇಟು ಹರಿದು ಬಿಸಾಕಿದವನಂತೆ ಹೇಳಿದರು. ನನಗೆ ಎದ್ದು ಬರಬೇಕೆನ್ನಿಸಿತು. ಅಷ್ಟರಲ್ಲಿ ಅವರೇ, ‘ಖರೆ ಹಾಡು ಅಂದ್ರ ನಾ ಹುಡುಗ ಇದ್ದಾಗಿನವು’ ಎಂದು ಕಣ್ಣು ಮುಚ್ಚಿ ಒಂದನ್ನು ಎತ್ತಿಬಿಟ್ಟರು. ಹಲ್ಲಿಲ್ಲದ ಬಾಯಿ, ಅರ್ಧ ಅಕ್ಷರ ಗಾಳಿ. ಆದರೂ ತೊಡೆ ತಟ್ಟುತ್ತ ಪೂರ್ತಿ ಹಾಡಿದರು. ಕೊನೆಯ ನುಡಿಯಲ್ಲಿ ಕಟ್ಟಿದವನ ಊರು, ಹೆಸರು ಬಂದಾಗ ಹೊರಸಿನ ಮೇಲೆಯೇ ಬಗ್ಗಿ ಕೈಮುಗಿದರು. ತನ್ನ ಮಗಳ ಹೆಸರು ಮರೆತು ಎರಡು ಸಲ ಕೇಳಿದ ಮನುಷ್ಯ, ಎಪ್ಪತ್ತು ವರ್ಷದ ಹಿಂದಿನ ಕವಿಯ ಹೆಸರು ಮರೆತಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಸುಮ್ಮನೆ ನಿಮ್ಮ ಹಾಡನ್ನು ಗುನುಗಿಕೊಂಡೆ. ಎಣಿಸಿದೆ. ಮತ್ತೆ ಎಣಿಸಿದೆ. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಹಾಡು, ಒಮ್ಮೆಯೂ ಗಮನಕ್ಕೆ ಬಂದಿರಲಿಲ್ಲ. ಅದಕ್ಕೆ ಇರುವುದು ನಾಲ್ಕೇ ನುಡಿ.

ಮೂವತ್ತನಾಲ್ಕು ವರ್ಷದಿಂದ ಕಿವಿಗುರುತಿಲ್ಲದ ಕುರಿಯನ್ನು ಊರೂರಿಗೆ ಹೊಡೆದುಕೊಂಡು ತಿರುಗುತ್ತಿದ್ದೀರಿ. ಅದು ಯಾರದ್ದು ಮಾಮಾ? ಕೊನೆಯ ನುಡಿ ಎಲ್ಲಿ?

ಈ ಸಲ ಕೈ ಎತ್ತಬೇಡಿ.

ವಿಜಯಲಕ್ಷ್ಮಿ


ಮಮದಾಪುರ
ತಾ. 15-10-2024

ನಿಮ್ಮವ್ವನ ಕೇಳು.

ಭೀಮರಾಯ


ಬೆಲ್ಲದ ಬಾಗೇವಾಡಿ
27 ಅಕ್ಟೋಬರ್ 2024

ಭೀಮರಾಯ ಅವರಿಗೆ,

ಮಾಮಾ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ.

ನಿಮ್ಮ ಎರಡು ಶಬ್ದದ ಕಾರ್ಡು ಹಿಡಿದುಕೊಂಡು ನಿನ್ನೆ ಮನೆಗೆ ಬಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತೇ ಕಾರ್ಡು ಓದಿ ಹೇಳಿದೆ. ತಡಿಯಾಗ ನಿಂತೈತಿ ಮರಿ, ಅದರ ಕೊನೆಯ ನುಡಿ ಎಲ್ಲಿ ಅಂತ ಕೇಳಿದ್ದೆ, ಮಾಮಾ ನಿನ್ನ ಕೇಳು ಅಂತಾನೆ ಎಂದೆ. ರೊಟ್ಟಿಯ ಮೇಲಿನ ಕೈ ನಿಂತಿತು. ಆಮೇಲೆ ಮತ್ತೆ ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ.

‘ನಂದ ಅದು’ ಅಂದಳು. ಓಣಿಯಲ್ಲಿ ಹೋಗುವ ಆಡನ್ನು ತೋರಿಸಿ ನಮ್ಮದು ಅನ್ನುವ ಹಾಗೆ.

ನಾನು ಹಿಟ್ಟಿನ ಬುಟ್ಟಿಯ ಪಕ್ಕ ಕೂತುಬಿಟ್ಟೆ. ಕೇಳಿ ಕೇಳಿ ಒಂದೊಂದೇ ಮಾತು ಹೊರಗೆ ತೆಗೆದೆ. ಆಗ ಹತ್ತೊಂಬತ್ತು ವರ್ಷದ ನಮ್ಮವ್ವ ಯಲ್ಲಕ್ಕ ಧುಪದಾಳದ ಹೊಳೆ ದಂಡೆಯಲ್ಲಿ ಮರಿ ಕಾಯುವಾಗ ಕಟ್ಟಿದ ಹಾಡು. ನಿಮಗೆ ಕಲಿಸಿದವಳು ಅವಳು. ಮೇಳದವರಿಗೆ ಹಿಡಿಸಿತು. ಮೂಡಲಗಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋದಿರಿ, ಕೊನೆಯ ನುಡಿ ಅವಳೇ ಹಾಡಲಿ ಎಂದು.

‘ಐದನೇದು ಎತ್ತಿದ್ನಿ. ಮಾಸ್ತರು ಕೈ ಎತ್ತಿದ್ರು. ಧಾಟಿ ಸಿನಿಮಾದ್ದು, ಮತ್ತ ಹೆಂಗಸಿನ ಹೆಸರು ಮೈಕಿನಾಗ ಯಾಕ ಅಂದ್ರು. ಡೊಳ್ಳು ನಿಂತಿತು. ನಾ ಕುಂತ್ನಿ. ಅಷ್ಟ.’

‘ಡೊಳ್ಳು ತಾನ ನಿಂತಿತೇನವ್ವಾ? ಯಾರ ಕೈಯಾಗಿತ್ತು?’

ಅವ್ವ ಕಾವಲಿಯ ಮೇಲಿನ ರೊಟ್ಟಿಗೆ ನೀರು ಸವರಿದಳು. ಮಗುಚಿ ಹಾಕಿದಳು. ‘ಸಣ್ಣಾವ ಇದ್ದ ಬಿಡು. ಡೊಳ್ಳಽ ಅಂವಗಿಂತ ದೊಡ್ಡದಿತ್ತು.’

ಹದಿನೇಳು ವರ್ಷ ಸಣ್ಣ ವಯಸ್ಸಲ್ಲ. ಅವಳು ನಿಮ್ಮನ್ನು ಬಿಟ್ಟುಕೊಡಲಿಲ್ಲ, ನಾನು ಬಿಡುವುದಿಲ್ಲ. ಮಾಸ್ತರು ಎತ್ತಿದ್ದು ಬರೀ ಕೈ. ಹಾಡು ನಿಂತದ್ದು ನಿಮ್ಮ ಕೈಯಿಂದ. ಅದಾದ ಮೇಲೆ ಮೂವತ್ತನಾಲ್ಕು ವರ್ಷ ಅದೇ ಹಾಡಿಗೆ ಶಾಲು ಹೊದಿಸಿಕೊಂಡಿರಿ, ತೆಂಗಿನಕಾಯಿ ತೆಗೆದುಕೊಂಡಿರಿ. ಕಟ್ಟಿದವಳು ಇಲ್ಲಿ ಇಪ್ಪತ್ತು ಮೈಲಿ ದೂರದಲ್ಲಿ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ‘ನಮ್ಮ ಕಾಲದ ಹಾಡು’ ಅಂದಿರಲ್ಲ, ಅದು ಯಾರ ಕಾಲ?

ಅವ್ವನಿಗೆ ನನ್ನ ಎರಡು ಪ್ರಶ್ನೆ ಕೇಳಿದೆ. ನಿನ್ನ ಪಾಲಿಗೆ ಒಳ್ಳೆಯ ಹಾಡು ಯಾವುದು, ಆಗ ನಿನಗೆಷ್ಟು ವಯಸ್ಸು. ನಕ್ಕಳು. ‘ನನಗ್ಯಾವ ಹಾಡವ್ವ? ಆ ವಯಸ್ಸಿನ ಹಾಡು ಕೇಳಿದ್ರ ನನಗ ಎದ್ದು ಹೋಗಬೇಕು ಅನಸತೈತಿ.’ ಹೌದು, ನೀವು ಆ ಹಾಡು ಎತ್ತಿದಾಗಲೆಲ್ಲ ಅವಳು ಏನೋ ನೆಪ ಹೇಳಿ ಎದ್ದು ಹೋಗುತ್ತಿದ್ದಳು. ಕುರಿಗೆ ನೀರು ಇಡಬೇಕು ಅನ್ನುತ್ತಿದ್ದಳು.

ರಾತ್ರಿ ನನ್ನ ವಹಿ ತೆಗೆದೆ. ನಾಲ್ವರು ಸರಿಯಾದ ಉತ್ತರ ಕೊಡಲಿಲ್ಲ, ಹೊಡೆದುಹಾಕಿದ್ದೇನೆ ಎಂದು ಬರೆದಿದ್ದೆನಲ್ಲ. ಗೆರೆಯ ಕೆಳಗಿನ ಹೆಸರು ಓದಿದೆ. ನಾಲ್ವರೂ ಹೆಂಗಸರು. ನಾಲ್ವರೂ ‘ನನಗ್ಯಾವ ಹಾಡವ್ವ’ ಅಂದಿದ್ದರು. ನನ್ನ ಲೆಕ್ಕ ಚೆಂದ ಕಾಣಲಿ ಎಂದು ನಾನೇ ಅವರ ಮೇಲೆ ಗೆರೆ ಎಳೆದಿದ್ದೆ. ನಾನೂ ಕೈ ಎತ್ತಿದ್ದೆ.

ಇದರಿಂದ ನಿಮ್ಮ ಮೇಲಿನ ಸಿಟ್ಟು ಕಡಿಮೆಯಾಗಿಲ್ಲ. ಇನ್ನೊಬ್ಬಳ ಮೇಲೂ ಬಂದಿದೆ, ಅಷ್ಟೇ.

ಯಲ್ಲಕ್ಕನ ಮಗಳು,
ವಿಜಯಲಕ್ಷ್ಮಿ


ಮಮದಾಪುರ
ತಾ. 2-11-2024, ಪಾಡ್ಯ

ವಿಜಿ,

ಹಬ್ಬದ ದಿನ ಬರ್ಯಾಕ ಕುಂತೇನಿ. ಮನ್ಯಾಗ ಎಲ್ಲಾರೂ ಕುರಿಗೆ ಬಣ್ಣ ಹಚ್ಚಾಕತ್ತಾರ.

ಮೊದಲ ಒಂದು ಸುಳ್ಳು ತಗದು ಹಾಕತೇನಿ. ಅಮಾಸಿ ದಿನ ಮಂದಿ ಎದ್ದು ಹೊಂಟಿದ್ದಿಲ್ಲ. ಎಲ್ಲಾರೂ ಕುಂತಿದ್ರು. ಹೆಣ್ಮಕ್ಕಳು ಮುಂದ ಸರದು ಕುಂತಿದ್ರು.

ನೀ ನಾಕು ನುಡಿ ಕಣ್ಣು ಮುಚ್ಚಿ ಹಾಡಿದಿ. ಐದನೇದಕ್ಕ ಕಣ್ಣು ತಗದು ನನ್ನ ನೋಡಿದಿ. ಮೂಡಲಗಿದಾಗ ಅಕ್ಕ ಹಂಗ ನೋಡಿದ್ಲು. ಡೊಳ್ಳು ನಿಂತ ಮ್ಯಾಲೂ ಅಕಿ ಅರ್ಧ ಸಾಲು ಹಾಡಿದ್ಲು, ಬರೇ ಬಾಯಿಲೆ. ಆ ಅರ್ಧ ಸಾಲು ನನ್ನ ಕಿವ್ಯಾಗ ಇನ್ನೂ ಐತಿ. ಮಾಸ್ತರು ಕೈ ಎತ್ತಿದ್ದು ಅಕಿ ಕಡೆ ಅಲ್ಲ, ನನ್ನ ಕಡೆ. ಬಾರಿಸಿದ್ರ ಮೇಳದಿಂದ ಹೊರಗ ಹಾಕತಿದ್ರು. ನನಗ ಡೊಳ್ಳು ಬೇಕಾಗಿತ್ತು. ನಾ ಡೊಳ್ಳು ಇಟ್ಕೊಂಡ್ನಿ.

ನೀ ಅಂದಿ, ನಮಗ ಹರೇದಾಗಿನ ಹಾಡು ಯಾಕ ಸೇರತೈತಿ, ಹಸಿ ಗ್ವಾಡಿ ಅಂತ. ಉಳದವ್ರದು ಏನೋ ಗೊತ್ತಿಲ್ಲ. ನಂದು ಹೇಳತೇನಿ. ಆ ಹಾಡು ಎತ್ತಿದಾಗೆಲ್ಲ ನಾ ಮತ್ತ ಹದಿನೇಳು ಆಗತೇನಿ. ಈ ಸಲ ಕೈ ನಿಂದ್ರೂದಿಲ್ಲ ಅಂತ ಒಂದನೇ ನುಡ್ಯಾಗ ಅನಸತೈತಿ. ಎರಡನೇದ್ರಾಗ ಅನಸತೈತಿ. ಮೂರನೇದ್ರಾಗೂ ಅನಸತೈತಿ. ನಾಕನೇದು ಮುಗಿದ ಕೂಡ್ಲೆ ನಿಂದರತೈತಿ. ಮಂದಿ ಅಳತಾರ. ಮರಿ ಸಂಬಂಧ ನಾನೂ ಅಳಾಕತ್ತೇನಿ ಅಂತ ತಿಳ್ಕೋತಾರ.

ನಿನ್ನ ಹಾಡು ಛಲೋ ಇಲ್ಲ. ಅದು ಈಗೂ ಖರೆನ. ಆದ್ರ ನಿಲ್ಲಸಾಕ ಅದು ಕಾರಣ ಅಲ್ಲ.

ಅಕ್ಕಗ ಕೊನೀ ನುಡಿ ನೆಪ್ಪೈತೇನ? ನನಗ ಮೊದಲ ಅರ್ಧ ಸಾಲ ಅಷ್ಟ ಗೊತ್ತು.

ಮೂವತ್ತೆರಡನೇದು ನೀ ಇನ್ನೂ ಬರದಿಲ್ಲ.

ಭೀಮರಾಯ


ಗೋಕಾಕ
5 ನವೆಂಬರ್ 2024

ಮಾಮಾ,

ನಿಮ್ಮ ಕಾಗದವನ್ನು ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ‘ನನಗ ಡೊಳ್ಳು ಬೇಕಾಗಿತ್ತು’ ಎಂಬಲ್ಲಿಗೆ ಬಂದಾಗ ‘ಮತ್ತೊಮ್ಮೆ ಓದು’ ಅಂದಳು. ಓದಿದೆ. ‘ಹೂಂ’ ಅಂದಳು. ಆ ‘ಹೂಂ’ನಲ್ಲಿ ಮಾಫಿ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಇರಲೇಬೇಕೆಂಬ ಹಟ ನನಗಿಲ್ಲ.

ನೀವು ಸುಳ್ಳು ತೆಗೆದುಹಾಕಿದಿರಿ, ನನ್ನದೂ ತೆಗೆದುಹಾಕುತ್ತೇನೆ. ಮೂವತ್ತೆರಡನೆಯ ಹೆಸರು: ವಿಜಯಲಕ್ಷ್ಮಿ. ವಯಸ್ಸು ಹದಿನಾರು. ಹುಕ್ಕೇರಿಯ ರಸ್ತೆಯಲ್ಲಿ ಕಾಲೇಜಿಗೆ ನಡೆದು ಹೋಗುವಾಗ ಕಬ್ಬಿನ ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋಗುತ್ತಿತ್ತು. ಹುಡುಗಿಯ ನಡಿಗೆ ನೋಡಿ ಹಲ್ಲು ಕಿರಿಯುವ, ಎರಡು ಕಾಸಿನ ಹಾಡು. ಅಂಥ ಹಾಡುಗಳನ್ನು ನಿಷೇಧಿಸಬೇಕೆಂದು ಹೋದ ವರ್ಷ ನಾನೇ ಹ್ಯಾಂಡ್‌ಬಿಲ್ಲು ಬರೆದು, ನಾನೇ ಅಚ್ಚು ಹಾಕಿ, ನಾಲ್ಕುನೂರು ಮಡಚಿದ್ದೇನೆ. ಮೊನ್ನೆ ಪ್ರೆಸ್ಸಿನ ಮುಂದೆ ಅದೇ ಹಾಡು ಹಾಕಿಕೊಂಡು ಟ್ರ್ಯಾಕ್ಟರ್ ಬಂತು. ಕೈಯಲ್ಲಿದ್ದ ಕಾಗದ ಬಿಟ್ಟು ಬಾಗಿಲಿಗೆ ಓಡಿದೆ. ನಗಬೇಕೆಂದರೆ ನಗಿರಿ. ಎಮ್ಮೆ ಈಯುವಾಗ ಒದರಿದಂತಿದ್ದರೂ ಅದು ನನ್ನ ಎಮ್ಮೆ. ಆದರೆ ಅದರ ಹೆಸರಿನಲ್ಲಿ ಇನ್ನೊಬ್ಬರ ಹಾಡಿಗೆ ನಾನು ಕೈ ಎತ್ತಿದ ದಿನ ಈ ಕಾಗದ ನನ್ನ ಮುಖಕ್ಕೆ ಹಿಡಿಯಿರಿ. ವಹಿಯಲ್ಲಿ ಆ ನಾಲ್ವರ ಹೆಸರನ್ನೂ ಮತ್ತೆ ಬರೆದಿದ್ದೇನೆ, ಗೆರೆ ಇಲ್ಲದೆ.

ಈಗ ಕೆಲಸದ ಮಾತು.

ಕೊನೆಯ ನುಡಿ ಅವ್ವನಿಗೆ ನೆನಪಿದೆ. ಮೊದಲು ಮರೆತಿದೆ ಅಂದಳು. ಮರೆತವರ ತುಟಿ ಹಾಗೆ ಅಲ್ಲಾಡುವುದಿಲ್ಲ. ನನಗೆ ಹೇಳಿಕೊಡು ಎಂದರೆ ಒಲ್ಲೆ ಅನ್ನುತ್ತಾಳೆ. ಊರಲ್ಲಿ ಹಾಡುವುದಿಲ್ಲ, ಮನೆಯಲ್ಲಿ ಹಾಡುವುದಿಲ್ಲ, ಫೋನಿನಲ್ಲಂತೂ ಇಲ್ಲ. ಕಡೆಗೆ ಒಂದು ಜಾಗ ಹೇಳಿದಳು. ಧುಪದಾಳದ ಒಡ್ಡು. ‘ಅಲ್ಲಿ ನೀರಿನ ಸದ್ದಿಗೆ ಬಾಜೂಕ ನಿಂತಾಂವಗ ಬಿಟ್ರ ಯಾರಿಗೂ ಕೇಳಸೂದಿಲ್ಲ. ಅಂವ ಬಾರಸತಾನಂದ್ರ ಹಾಡತೇನಿ. ನಡುವ ನಿಲ್ಲಿಸಿದ್ರ ಹೊಳ್ಯಾಗ ಡೊಳ್ಳು ಒಗದು ಬರತೇನಿ.’ ಇದು ಅವಳ ಮಾತು, ನಾನು ಒಂದಕ್ಷರ ಸೇರಿಸಿಲ್ಲ.

ಹದಿನೇಳಕ್ಕೆ ಬಾಗೇವಾಡಿಯಲ್ಲಿ ಏನು ಹಾಡಬೇಕು, ಯಾರು ಹಾಡಬೇಕು ಎಂಬುದನ್ನು ಅವಳು ಅಲ್ಲಿಯೇ ಹೇಳುತ್ತಾಳೆ. ನನ್ನ ಬೇಡಿಕೆ ಇಷ್ಟೇ: ಅವಳದ್ದು ಐದು ನುಡಿ ಮೊದಲು. ನನ್ನದು ಐದು ನುಡಿ ಆಮೇಲೆ. ನನ್ನ ಹಾಡಿನಲ್ಲಿ ಒಂದು ಕುರಿಯೂ ಇಲ್ಲ ಎಂದಿರಿ. ಇಲ್ಲ. ಸೇರಿಸುವುದೂ ಇಲ್ಲ.

ಮಾಫಿ ಕೇಳುವ ಮಾತು ಕಟ್ಟಿಕೊಂಡು ಬರಬೇಡಿ, ಆ ನೀರಿನ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ. ಹೋಳಿಗೆ ತಂದರೆ ಈ ಸಲ ತಿನ್ನುತ್ತೇನೆ. ಡೊಳ್ಳು ತನ್ನಿ. ಹದ ಮಾಡಿಕೊಂಡು ತನ್ನಿ.

ನವೆಂಬರ್ ಹತ್ತು, ರವಿವಾರ, ಮುಂಜಾನೆ ಹತ್ತೂವರೆ. ಧುಪದಾಳ ಒಡ್ಡಿನ ಈಚೆ ದಂಡೆ, ಕುರಿ ನೀರಿಗಿಳಿಯುವಲ್ಲಿ.

ನಿಮ್ಮ ಸೋದರಸೊಸೆ,
ವಿಜಯಲಕ್ಷ್ಮಿ